ಎರೆಯುವ ನೀರು, ಎರಚುವ ನೀರು

ಬರುವ ಜನವರಿಯ ಕಾಲೇಜು ಉತ್ಸವದಲ್ಲಿ ‘ಸೋಂಗ್‌ಕ್ರಾನ್ ನೈಟ್’ ಎಂಬ ಕಾರ್ಯಕ್ರಮ ಇಡಬೇಕೆಂಬ ಸಲಹೆ ಉತ್ಸವ ಸಮಿತಿಯ ಮುಂದೆ ಬಂದಿದೆ. ಎರಡು ಟ್ಯಾಂಕರ್ ನೀರು, ಡಿ.ಜೆ., ಪ್ಲಾಸ್ಟಿಕ್ ಪಿಚಕಾರಿ, ತಲೆಗೆ ಮುನ್ನೂರು ರೂಪಾಯಿ ಟಿಕೆಟ್. ಏಪ್ರಿಲ್ ತಿಂಗಳ ಹೊಸ ವರ್ಷವನ್ನು ಜನವರಿಯಲ್ಲೇ ಮುಗಿಸಿಬಿಡುತ್ತಾರಂತೆ. ಪರೀಕ್ಷೆ ಅಡ್ಡ ಬರುತ್ತದಲ್ಲ, ಅದಕ್ಕೆ. ನಮ್ಮ ಕನ್ನಡ ಬಳಗದ ಕೆಲವರೂ ಇದಕ್ಕೆ ಕೈ ಎತ್ತಿದ್ದಾರೆ. ನಾನು ಎತ್ತಿಲ್ಲ. ಯಾಕೆ ಅಂತ ಕ್ಯಾಂಟೀನಿನಲ್ಲಿ ಕೇಳಿದವರಿಗೆ ಎರಡು ಮಾತಿನಲ್ಲಿ ಹೇಳೋಕೆ ಆಗಲಿಲ್ಲ. ಸಂಪಾದಕರು ನಾಲ್ಕು ಪುಟ ಕೊಟ್ಟಿದ್ದಾರೆ, ಇಲ್ಲಿ ಹೇಳುತ್ತೇನೆ.

ಮೊದಲೇ ಒಂದು ಮಾತು. ನಾನು ನೀರಾಟದ ವಿರೋಧಿಯಲ್ಲ. ಮಡಿವಂತನೂ ಅಲ್ಲ. ನಮ್ಮ ಚಾಳಿನಲ್ಲಿ ಹೋಳಿಯ ದಿನ ನನ್ನ ಅವತಾರ ನೋಡಿದವರು ಈ ಬಳಗದಲ್ಲೇ ಇದ್ದಾರೆ. ಆದರೆ ಈ ಹಬ್ಬದ ಹೆಸರು ಹೇಳಿ ಟಿಕೆಟ್ ಮಾರಲು ಹೊರಟಿರುವುದರಿಂದ, ಆ ಹಬ್ಬವನ್ನು ಕಣ್ಣಾರೆ ನೋಡಿ ಬಂದವನೊಬ್ಬ ಸುಮ್ಮನೆ ಕೂರುವುದು ಸರಿಯಲ್ಲ ಅನ್ನಿಸಿತು. ನೋಡಿದ್ದು ಥಾಯ್ಲೆಂಡಿನಲ್ಲಲ್ಲ. ಅಷ್ಟು ದುಡ್ಡು ನಮ್ಮಪ್ಪನ ಹತ್ತಿರ ಇಲ್ಲ. ನಮ್ಮದೇ ದೇಶದ ಅರುಣಾಚಲ ಪ್ರದೇಶದಲ್ಲಿ, ನಾಮ್ಸಾಯ್ ಎಂಬ ಊರಿನ ಕಡೆ. ನಮ್ಮ ಕ್ಲಾಸಿನಲ್ಲಿ ಖಾಮ್ತಿ ಜನಾಂಗದ ಒಬ್ಬ ಗೆಳೆಯ ಇದ್ದಾನೆ. ಅವನ ಊರು ಅದು. 2025ರ ಏಪ್ರಿಲಿನಲ್ಲಿ ರೈಲಿನಲ್ಲಿ ಮೂರು ದಿನ ಬೆನ್ನು ನೋಯಿಸಿಕೊಂಡು ಅವನ ಜೊತೆ ಹೋದೆ. ಅರುಣಾಚಲಕ್ಕೆ ಹೋಗಬೇಕಾದರೆ ನಮ್ಮಂಥವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು. 1873ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆ, ಈಗಲೂ ಜಾರಿಯಲ್ಲುಂಟು. ಸ್ವಂತ ದೇಶದಲ್ಲಿ ಅಪ್ಪಣೆ ಚೀಟಿ ಯಾಕೆ ಅಂತ ರೈಲಿನಲ್ಲಿ ಒಬ್ಬರು ಗೊಣಗಿದರು. ಮನೆಯೊಳಗೆ ಹೋಗುವಾಗ ಬಾಗಿಲು ತಟ್ಟಿ ಹೋಗೋದರಲ್ಲಿ ಏನು ತಪ್ಪು ಅಂತ ನನಗೆ ಅನ್ನಿಸಿತು.

ಆ ಹಬ್ಬಕ್ಕೆ ಅಲ್ಲಿ ಸಾಂಗ್‌ಕೆನ್ ಅನ್ನುತ್ತಾರೆ. ಥಾಯ್ ಜನ ಸೋಂಗ್‌ಕ್ರಾನ್ ಅನ್ನುತ್ತಾರೆ, ಬರ್ಮದವರು ತಿಂಜಾನ್ ಅನ್ನುತ್ತಾರೆ. ಮೂರನ್ನೂ ನಿಧಾನವಾಗಿ ಬಾಯಲ್ಲಿ ಆಡಿಸಿ ನೋಡಿ. ನಮ್ಮ ‘ಸಂಕ್ರಾಂತಿ’ಯೇ ಅದು. ಸಂಸ್ಕೃತದಿಂದ ಹೋಗಿ ಅಲ್ಲಲ್ಲಿಯ ನಾಲಗೆಗೆ ತಕ್ಕ ಹಾಗೆ ಸವೆದುಕೊಂಡಿದೆ. ಎಳ್ಳು ಬೆಲ್ಲದ ಮಕರ ಸಂಕ್ರಾಂತಿಯಲ್ಲ, ಸೂರ್ಯ ಮೇಷ ರಾಶಿಗೆ ಕಾಲಿಡುವ ಸಂಕ್ರಾಂತಿ. ಘಟ್ಟದ ಮೇಲಿನವರಿಗೆ ಇದು ಹೊಸದು ಅನ್ನಿಸಬಹುದು, ಅವರ ಯುಗಾದಿ ಚಂದ್ರನ ಲೆಕ್ಕದ್ದು. ನಮ್ಮ ತುಳುನಾಡಿನವರಿಗೆ ಹಾಗಲ್ಲ. ಅದೇ ದಿನ, ಇಲ್ಲವೇ ಅದರ ಮರುದಿನ, ನಮ್ಮ ಬಿಸು. ಬೆಳಗ್ಗೆ ಎದ್ದ ಕೂಡಲೇ ಬಾಳೆಲೆಯಲ್ಲಿಟ್ಟ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಕನ್ನಡಿಯ ಕಣಿ ನೋಡಿ ಹಿರಿಯರ ಕಾಲು ಹಿಡಿಯೋದು. ಮುಂಬೈಗೆ ಬಂದು ಇಷ್ಟು ವರ್ಷವಾದರೂ ನಮ್ಮಮ್ಮ ಗ್ಯಾಸಿನ ಕಟ್ಟೆಯ ಪಕ್ಕದಲ್ಲೇ ಕಣಿ ಇಡುತ್ತಾರೆ. ಸಾವಿರಾರು ಮೈಲಿ ದೂರದಲ್ಲಿ ಗೆಳೆಯನ ಅಜ್ಜಿಯ ಎದುರು ಬಗ್ಗಿದಾಗ ಬಿಸು ತಪ್ಪಿಸಿಕೊಂಡೆ ಅಂತ ಅನ್ನಿಸಲೇ ಇಲ್ಲ.

ಖಾಮ್ತಿಗಳು ತಾಯ್ ಜನ, ಅಂದರೆ ಥಾಯ್ಲೆಂಡಿನವರ, ಬರ್ಮದ ಶಾನ್ ಜನರ ದೂರದ ದಾಯಾದಿಗಳು. 18ನೇ ಶತಮಾನದಲ್ಲಿ ಬರ್ಮದ ಉತ್ತರ ತುದಿಯಿಂದ ಬೆಟ್ಟ ದಾಟಿ ಈ ಕಡೆ ಬಂದವರು. ಥೇರವಾದಿ ಬೌದ್ಧರು. ಸ್ವಂತ ಲಿಪಿ ಉಂಟು, ಗಂಡಸರ ಹೆಸರಿನ ಮುಂದೆ ಚಾವ್, ಹೆಂಗಸರ ಹೆಸರಿನ ಮುಂದೆ ನಾಂಗ್ ಅಂತ ಸೇರಿಸುತ್ತಾರೆ. ತೆಂಗಾಪಾನಿಯ ಹತ್ತಿರ 2010ರಲ್ಲಿ ತೆರೆದ ಚಿನ್ನದ ಬಣ್ಣದ ಪಗೋಡಾ ಈಗ ಎಲ್ಲರ ಮೊಬೈಲಿನಲ್ಲೂ ಬರುತ್ತದೆ. ಹೊರಗಿನವರು ಅಲ್ಲಿಗೇ ಹೋಗಿ ಫೋಟೋ ಹೊಡೆಸಿಕೊಂಡು ಹಿಂದಿರುಗುತ್ತಾರೆ. ನಾವು ಗೆಳೆಯನ ಹಳ್ಳಿಯ ವಿಹಾರಕ್ಕೆ ಹೋದೆವು.

ಅಲ್ಲಿ ನಡೆಯುವುದು ಹೀಗೆ. ಮೊದಲ ದಿನ ವಿಹಾರದೊಳಗಿನ ಬುದ್ಧನ ಮೂರ್ತಿಗಳನ್ನೆಲ್ಲ ಡೋಲು, ಜಾಗಟೆ, ತಾಳದ ಜೊತೆ ಮೆರವಣಿಗೆಯಲ್ಲಿ ಹೊರಗೆ ತರುತ್ತಾರೆ. ಅಂಗಳದಲ್ಲಿ ಹಬ್ಬಕ್ಕೆಂದೇ ಕಟ್ಟಿದ ಸಣ್ಣ ಗುಡಿ ಇರುತ್ತದೆ. ಮೂರ್ತಿಗಳನ್ನು ಅದರೊಳಗೆ ಕೂರಿಸುತ್ತಾರೆ. ಗುಡಿಯಿಂದ ಹೊರಕ್ಕೆ ಒಂದು ಉದ್ದನೆಯ ಮರದ ಕಾಲುವೆ ಚಾಚಿಕೊಂಡಿರುತ್ತದೆ. ದೋಣಿಯ ಹಾಗೆ ಕೊರೆದದ್ದು, ನಾಗನ ಆಕಾರ. ನಮ್ಮ ಕಡೆ ಅಡಿಕೆ ತೋಟಕ್ಕೆ ನೀರು ಹಾಯಿಸುವ ದಂಬೆ ನೋಡಿದವರಿಗೆ ಬೇರೆ ವಿವರಣೆ ಬೇಡ. ಜನ ಹೊಳೆಯಿಂದಲೋ ಬಾವಿಯಿಂದಲೋ ಕೊಡದಲ್ಲಿ ನೀರು ತಂದು, ಹೂವು ಹಾಕಿ, ಈ ದಂಬೆಗೆ ಹೊಯ್ಯುತ್ತಾರೆ. ನೀರು ಹರಿದು ಹೋಗಿ ಒಳಗೆ ತಿರುಗುವ ಒಂದು ಸಾಧನಕ್ಕೆ ಬಿದ್ದು, ಅದು ಗಿರಗಿರ ತಿರುಗಿ ಎಲ್ಲ ಮೂರ್ತಿಗಳ ಮೇಲೂ ಮಳೆಯ ಹಾಗೆ ಸಿಡಿಯುತ್ತದೆ. ಯಾರೂ ಮೂರ್ತಿಯನ್ನು ಮುಟ್ಟುವುದಿಲ್ಲ. ಬೋಧಿ ವೃಕ್ಷದ ಬುಡಕ್ಕೂ ನೀರು ಹಾಕುತ್ತಾರೆ. ಹಬ್ಬ ಮುಗಿಯುವ ದಿನ ಮೂರ್ತಿಗಳು ಮತ್ತೆ ಒಳಕ್ಕೆ ಹೋಗುತ್ತವೆ. ಇದರ ನಡುವೆ ಹಿರಿಯರ ಮನೆಗೆ ಹೋಗಿ ಹೋದ ವರ್ಷದ ತಪ್ಪು ಮನ್ನಿಸಿ ಅಂತ ಕೇಳೋದು, ಎಲೆಯಲ್ಲಿ ಕಟ್ಟಿದ ಅನ್ನ ತಿನ್ನೋದು, ಬೀದಿಯಲ್ಲಿ ಒಬ್ಬರಿಗೊಬ್ಬರು ನೀರು ಹಾಕೋದು ಎಲ್ಲ ಉಂಟು.

ಸರದಿಯಲ್ಲಿ ನನ್ನ ಕೈಗೂ ಒಂದು ಕೊಡಪಾನ ಬಂತು. ಕೊಟ್ಟವರು ನೀನು ಯಾರು, ಯಾವ ಜಾತಿ, ಸ್ನಾನ ಆಗಿದೆಯೋ, ಅಂಗಿ ತೆಗೆಯಬೇಕೋ, ಏನೂ ಕೇಳಲಿಲ್ಲ. ನನ್ನ ಹಿಂದೆ ಅಸ್ಸಾಮಿನ ಒಬ್ಬ ಲಾರಿ ಡ್ರೈವರ್ ನಿಂತಿದ್ದ. ಮುಂದೆ ಇಬ್ಬರು ಶಾಲೆಯ ಹುಡುಗಿಯರು. ನಾಲ್ವರು ಹೊಯ್ದ ನೀರೂ ದಂಬೆಯಲ್ಲಿ ಬೆರೆತು ಒಳಗೆ ಹೋಯಿತು. ಯಾರ ನೀರು ಯಾವುದು ಅಂತ ಬುದ್ಧನಿಗೂ ಗೊತ್ತಾಗಿರಲಾರದು.

ಇದರಲ್ಲೇನು ದೊಡ್ಡ ವಿಷಯ ಅಂತ ಕೇಳುವವರು ಕೇಳಬಹುದು. ನನಗೆ ದೊಡ್ಡ ವಿಷಯ. ನನ್ನ ಅಜ್ಜ ಊರಿನಲ್ಲಿ ಗೇಣಿ ಒಕ್ಕಲು. ಬಿಸು ಬಂತೆಂದರೆ ಬೆಳೆದ ತರಕಾರಿ, ಹಣ್ಣು ಹೊತ್ತು ಧಣಿಗಳ ಮನೆಗೆ ಹೋಗಬೇಕು. ಬಾಯಾರಿದೆ ಅಂದರೆ ಅಂಗಳದಲ್ಲಿ ನಿಲ್ಲಿಸಿ, ಮೇಲಿನಿಂದ, ಚೊಂಬು ತಾಗದ ಹಾಗೆ, ಕೈಬೊಗಸೆಗೆ ನೀರು ಹೊಯ್ಯುತ್ತಿದ್ದರಂತೆ. ಅಜ್ಜ ಇದನ್ನು ಸಿಟ್ಟಿನಿಂದೇನೂ ಹೇಳುತ್ತಿರಲಿಲ್ಲ. ‘ಬೆಲ್ಲವನ್ನೂ ಕೊಡುತ್ತಿದ್ದರು ಮಗಾ’ ಅಂತ ಸೇರಿಸುತ್ತಿದ್ದರು. ಅದೂ ದೂರದಿಂದ ಹೊಯ್ದ ನೀರೇ, ದಂಬೆಯದೂ ದೂರದಿಂದ ಹೊಯ್ದ ನೀರೇ. ಆದರೆ ಒಂದು ಕಡೆ ದೂರ ಅಜ್ಜನಿಗೆ ಮಾತ್ರ, ಇನ್ನೊಂದು ಕಡೆ ಆ ದೂರ ಎಲ್ಲರಿಗೂ ಒಂದೇ. ಈ ವ್ಯತ್ಯಾಸವನ್ನು ನಾನು ಯಾವ ಸಮಾಜಶಾಸ್ತ್ರದ ಪುಸ್ತಕದಲ್ಲೂ ಓದಿದ್ದಲ್ಲ. ಕೊಡಪಾನ ಕೈಯಲ್ಲಿ ಹಿಡಿದಾಗ ಹೊಳೆದದ್ದು.

ಮುಂಬೈಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ಮಹಾಡ್ ಗೊತ್ತಿರುತ್ತದೆ. ಚಾ ಕುಡಿಯಲು ನಿಲ್ಲುವ ಊರು ಅಂತ ಮಾತ್ರ ಗೊತ್ತಿರುತ್ತದೆ. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರ ಜೊತೆ ಅಲ್ಲಿಯ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಅಷ್ಟಕ್ಕೇ ಊರಿನ ಮೇಲ್ಜಾತಿಯವರು 108 ಕೊಡ ಪಂಚಗವ್ಯ ಸುರಿಸಿ ಕೆರೆಯನ್ನು ‘ಶುದ್ಧ’ ಮಾಡಿದರು. ಆ ನೀರು ಎಲ್ಲರದು ಅಂತ ಬಾಂಬೆ ಹೈಕೋರ್ಟಿನಲ್ಲಿ ತೀರ್ಮಾನವಾಗಲು 1937 ಆಗಬೇಕಾಯಿತು. ಹತ್ತು ವರ್ಷ, ಒಂದು ಬೊಗಸೆ ನೀರಿಗೆ! ಅದೇ ಅಂಬೇಡ್ಕರರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಅವರ ಜನ್ಮದಿನ ಏಪ್ರಿಲ್ 14. ನಮ್ಮ ಪಕ್ಕದ ಚಾಳಿನಲ್ಲಿ ಆ ದಿನ ನೀಲಿ ಬಾವುಟ ಏರುವ ಹೊತ್ತಿಗೆ ಆ ತುದಿಯ ನಾಮ್ಸಾಯಿಯಲ್ಲಿ ಬುದ್ಧನ ಮೂರ್ತಿ ಹೊರಗೆ ಬರುತ್ತಿರುತ್ತದೆ. ದಿನ ಒಂದೇ ಆದದ್ದು ಕಾಕತಾಳೀಯ ಇರಬಹುದು. ಇಲ್ಲಿ ನೀರು ಮುಟ್ಟಲು ಹೋರಾಡಿದವರು, ಅಲ್ಲಿ ನೀರು ಹೊಯ್ದು ಹೊಸ ವರ್ಷ ಶುರು ಮಾಡುವವರು, ಇಬ್ಬರೂ ಬುದ್ಧನ ಹೆಸರು ಹೇಳುವವರೇ ಎಂಬುದನ್ನು ಮಾತ್ರ ನಾನು ಕಾಕತಾಳೀಯ ಅನ್ನಲಾರೆ.

ನಮ್ಮಲ್ಲೂ ಪಂಢರಪುರದಲ್ಲಿ ವಿಠ್ಠಲನ ಪಾದವನ್ನೇ ಮುಟ್ಟಬಹುದಲ್ಲ ಅಂತ ಬಳಗದ ಒಬ್ಬರು ವಾದಿಸಿದರು. ನಿಜ. ಆದರೆ ಆ ಬಾಗಿಲು ಎಲ್ಲರಿಗೂ ತೆರೆದದ್ದು 1947ರಲ್ಲಿ ಸಾನೆ ಗುರೂಜಿ ಆಮರಣ ಉಪವಾಸ ಕೂತ ಮೇಲೆ.

ಹಾಗಂತ ಖಾಮ್ತಿಗಳು ದೇವಲೋಕದಿಂದ ಇಳಿದವರೆಂದು ನಾನು ಹೇಳುತ್ತಿಲ್ಲ. 19ನೇ ಶತಮಾನದಲ್ಲಿ ಅವರ ನಾಯಕರ ಮನೆಗಳಲ್ಲಿ ಗುಲಾಮರಿದ್ದರು. 1839ರಲ್ಲಿ ಸದಿಯಾದಲ್ಲಿ ಅವರು ಬ್ರಿಟಿಷರ ಮೇಲೆ ದಂಗೆ ಎದ್ದದ್ದಕ್ಕೆ ಇದ್ದ ಕಾರಣಗಳಲ್ಲಿ ಗುಲಾಮರನ್ನು ಬಿಡಿಸಿದ್ದೂ ಒಂದು. ಬೌದ್ಧರೆಂದರೆ ಎಲ್ಲ ಕಡೆ ಸಮಾನತೆ ಅಂತಲೂ ಇಲ್ಲ: ಮಂಡಾಲೆಯ ಮಹಾಮುನಿ ಬುದ್ಧನಿಗೆ ಚಿನ್ನದ ರೇಕು ಹಚ್ಚುವವರು ಗಂಡಸರು ಮಾತ್ರ, ಹೆಂಗಸರು ದೂರದಲ್ಲಿ ಕೂತು ನೋಡಬೇಕು. ಅಂದ ಹಾಗೆ, ನಾನು ಹೋದಾಗ ಬರ್ಮದಲ್ಲಿ ಮಾರ್ಚ್ 28ರ ಭೂಕಂಪ ಆಗಿ ಇನ್ನೂ ಮೂರು ವಾರವಾಗಿರಲಿಲ್ಲ. ಅಜ್ಜಿ ಬರ್ಮದ ದಿಕ್ಕಿಗೂ ಒಂದು ಚೊಂಬು ನೀರು ನೆಲಕ್ಕೆ ಬಿಟ್ಟರು. ಪುಣ್ಯವನ್ನು ಇನ್ನೊಬ್ಬರಿಗೆ ಕೊಡುವಾಗ ಹಾಗೆ ನೀರು ಬಿಡುವುದು ಥೇರವಾದಿಗಳ ಪದ್ಧತಿ, ನೆಲದೇವತೆ ಸಾಕ್ಷಿಯಂತೆ. ನಾವು ಮದುವೆಯಲ್ಲಿ ಧಾರೆ ಎರೆಯುತ್ತೇವಲ್ಲ, ಅದರ ಅಕ್ಕನೋ ತಂಗಿಯೋ ಇರಬೇಕು.

ಧಾರೆ ಎರೆಯೋದು ಅಂದೆ. ಕನ್ನಡದಲ್ಲಿ ನಮಗೆ ಎರಡು ಮಾತುಂಟು. ಎರೆಯೋದು, ಎರಚೋದು. ಮಗುವಿಗೆ ನೀರು ಎರೆಯುತ್ತೇವೆ, ಬಾಣಂತಿಗೆ ಎರೆಯುತ್ತೇವೆ, ಗಿಡಕ್ಕೆ ಎರೆಯುತ್ತೇವೆ. ಕೆಸರು ಎರಚುತ್ತೇವೆ. ಎರೆಯುವಾಗ ಎದುರಿನವರ ಮುಖ ನೋಡಬೇಕು, ಬಿಸಿಯಾಯಿತೋ ತಣ್ಣಗಾಯಿತೋ ಕೇಳಬೇಕು. ಎರಚುವವನಿಗೆ ಅದೆಲ್ಲ ಬೇಡ, ಎರಚಿ ಓಡಬಹುದು. ನಾಮ್ಸಾಯಿಯಲ್ಲಿ ಎರಡೂ ಇತ್ತು. ಹುಡುಗರು ಚೆನ್ನಾಗಿಯೇ ಎರಚಿದರು, ನನ್ನ ಇದ್ದೊಂದು ಒಳ್ಳೆ ಅಂಗಿ ಮೂರು ದಿನ ಒಣಗಲೇ ಇಲ್ಲ. ಆದರೆ ಗೆಳೆಯನ ಅಜ್ಜಿಗೆ ಯಾರೂ ಎರಚಲಿಲ್ಲ. ಅವರ ಅಂಗೈ ಮೇಲೆ ಸಣ್ಣ ಬಟ್ಟಲಿನಿಂದ ಮೆಲ್ಲಗೆ ಹೊಯ್ದು ಕೈ ಮುಗಿದರು. ಬೀದಿಯಲ್ಲಿ ಭಿಕ್ಷುಗಳು ಬಂದಾಗ ಎರಚಾಟ ತಾನಾಗಿ ನಿಂತಿತು, ಯಾವ ಪೋಲೀಸನೂ ಸೀಟಿ ಊದಲಿಲ್ಲ. ಎರೆಯುವುದು ಇರುವುದರಿಂದಲೇ ಎರಚುವುದಕ್ಕೆ ಅಲ್ಲೊಂದು ಲೆಕ್ಕ ಇದೆ ಅಂತ ನನ್ನ ಅಭಿಪ್ರಾಯ.

ಹೊರಗಿನಿಂದ ಹೋಗುವ ನಾವು ಮಾಡುವುದೇನು? ಎರೆಯುವುದನ್ನು ಅಲ್ಲೇ ಬಿಟ್ಟು ಎರಚುವುದನ್ನಷ್ಟೇ ಮನೆಗೆ ತರುತ್ತೇವೆ. ಥಾಯ್ಲೆಂಡಿನಲ್ಲಿ ಇದು ಬಹಳ ದೂರ ಹೋಗಿದೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೋ ಅಲ್ಲಿಯ ಸೋಂಗ್‌ಕ್ರಾನನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷ. ಆದರೆ ಅದೇ ಹಬ್ಬದ ವಾರವನ್ನು ಅಲ್ಲಿಯ ಸರ್ಕಾರವೇ ‘ಏಳು ಅಪಾಯದ ದಿನ’ ಅಂತ ಕರೆಯುತ್ತದೆ. 2023, 2024, 2025, ಮೂರು ವರ್ಷವೂ ಆ ಏಳು ದಿನಗಳಲ್ಲಿ ರಸ್ತೆಯಲ್ಲಿ ಸತ್ತವರು ಇನ್ನೂರಕ್ಕೂ ಮೇಲೆ. ಕುಡಿದು ಬೈಕು ಓಡಿಸೋದು ದೊಡ್ಡ ಕಾರಣ. ನೀರಿನ ನೆಪದಲ್ಲಿ ಹೆಂಗಸರ ಮೈ ಮೇಲೆ ಕೈ ಹಾಕುವವರ ಬಗ್ಗೆ ಅಲ್ಲಿಯ ಹೆಂಗಸರೇ ವರ್ಷ ವರ್ಷ ದೂರುತ್ತಾರೆ. ಚೀನಾದ ಯುನ್ನಾನಿನಲ್ಲಿ ಖಾಮ್ತಿಗಳ ಇನ್ನೊಂದು ದಾಯಾದಿ, ದಾಯ್ ಜನ ಇದ್ದಾರೆ. ಅಲ್ಲಿಯ ಒಂದು ಪ್ರವಾಸಿ ಉದ್ಯಾನದಲ್ಲಿ ಟಿಕೆಟ್ ತೆಗೆದವರಿಗಾಗಿ ದಿನಾ ನೀರಿನ ಹಬ್ಬ ಆಡಿಸುತ್ತಾರೆ. ದಿನಾ ಹೊಸ ವರ್ಷ! ಬಿಸು ದಿನಾ ಬಂದರೆ ನಮ್ಮಮ್ಮ ಕಣಿ ಇಡೋದನ್ನೇ ಬಿಟ್ಟಾರು.

ಕಾಮರ್ಸ್ ವಿದ್ಯಾರ್ಥಿಯಾಗಿ ಇಷ್ಟು ಒಪ್ಪುತ್ತೇನೆ: ದುಡ್ಡು ಕೆಟ್ಟದ್ದಲ್ಲ. ನಾಮ್ಸಾಯಿ ಕಡೆಗೂ ಪ್ರವಾಸಿಗಳ ದುಡ್ಡು ಬೇಕು. ಅಲ್ಲಿ ಚೌಖಾಮ್ ಎಂಬ ಊರು ಒಂದು ಕಾಲಕ್ಕೆ ಮರದ ವ್ಯಾಪಾರದಲ್ಲಿ ಏಷ್ಯಾದಲ್ಲೇ ಶ್ರೀಮಂತ ಹಳ್ಳಿ ಅಂತ ಹೆಸರಾಗಿತ್ತಂತೆ. ಆನೆಗಳಿಂದ ದಿಮ್ಮಿ ಎಳೆಸುತ್ತಿದ್ದರು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದವರ್ಮನ್ ಪ್ರಕರಣದಲ್ಲಿ ಮರ ಕಡಿಯುವುದಕ್ಕೆ ತಡೆ ಹಾಕಿತು. ಕಾಡಿಗೆ ಒಳ್ಳೆಯದಾಯಿತು, ಊರಿನ ಲೆಕ್ಕದ ಪುಸ್ತಕ ತಲೆಕೆಳಗಾಯಿತು. ಈಗ ಮನೆಯ ಒಂದು ಕೋಣೆಯನ್ನು ಬಂದವರಿಗೆ ಬಾಡಿಗೆಗೆ ಕೊಡುವವರಿದ್ದಾರೆ, ಹಬ್ಬದಲ್ಲಿ ಎಲೆಯನ್ನ ಮಾರುವ ಹೆಂಗಸರಿದ್ದಾರೆ. ನಾನು ಅವರ ಹತ್ತಿರ ಎರಡು ಸಲ ಕೊಂಡು ತಿಂದೆ, ಚೌಕಾಸಿ ಮಾಡಲಿಲ್ಲ. ಆ ದುಡ್ಡು ಹಬ್ಬ ಮಾಡುವವರ ಖಾತೆಗೆ ಹೋಗುತ್ತದೆ. ನಮ್ಮ ಉತ್ಸವದ ಮುನ್ನೂರು ರೂಪಾಯಿ ಯಾರ ಖಾತೆಗೆ? ಟ್ಯಾಂಕರಿನವನಿಗೆ ಸ್ವಲ್ಪ, ಡಿ.ಜೆ.ಗೆ ಬಹಳ, ಉಳಿದದ್ದು ಸಮಿತಿಗೆ. ಹೆಸರು ಮಾತ್ರ ಥಾಯ್ ಜನರದ್ದು. ಅಕೌಂಟೆನ್ಸಿ ಕ್ಲಾಸಿನಲ್ಲಿ ಗುಡ್‌ವಿಲ್ ಅಂತ ಒಂದು ಆಸ್ತಿ ಕಲಿಸುತ್ತಾರೆ: ಕಣ್ಣಿಗೆ ಕಾಣದ್ದು, ಆದರೆ ಬೆಲೆ ಇರುವುದು, ಇನ್ನೊಬ್ಬರದ್ದನ್ನು ಬಳಸಿದರೆ ದುಡ್ಡು ಕೊಡಬೇಕಾದದ್ದು. ಹಬ್ಬಕ್ಕೂ ಆ ನಿಯಮ ಯಾಕಿರಬಾರದು?

ಇನ್ನು ನೀರಿನ ಮಾತು. ಲೋಹಿತ, ತೆಂಗಾಪಾನಿ ಹರಿಯುವ, ಚೈತ್ರದಲ್ಲೇ ಮಳೆ ಶುರುವಾಗುವ ಊರಿನ ಹಬ್ಬ ಅದು. ನಾನಿದ್ದ ಮೂರು ದಿನದಲ್ಲಿ ಎರಡು ದಿನ ಆಕಾಶವೂ ಎರಚಾಟಕ್ಕೆ ಸೇರಿಕೊಂಡಿತು. ಇಲ್ಲಿ ನಮ್ಮ ಚಾಳಿನಲ್ಲಿ ನಳ್ಳಿ ಬರುವುದು ಬೆಳಗಿನ ಐದರಿಂದ ಆರು. ಆ ಒಂದು ಗಂಟೆಯಲ್ಲಿ ಹತ್ತು ಮನೆಯ ಬಾಲ್ದಿ, ಡ್ರಮ್ಮು ತುಂಬಬೇಕು. 2024ರಲ್ಲಿ ಮೇ ಕೊನೆಗೆ ಮುಂಬೈ ನಗರಪಾಲಿಕೆ ಶೇ. 5 ನೀರು ಕಡಿತ ಮಾಡಿತು, ಜೂನ್ ಮೊದಲ ವಾರದಲ್ಲಿ ಶೇ. 10. ಕೆರೆಗಳು ತಳ ಕಂಡಿದ್ದವು. ಆ ದಿನಗಳಲ್ಲಿ ನಮ್ಮಕ್ಕ ಕೆಲಸಕ್ಕೆ ಹೋಗುವ ಮುಂಚೆ ಎರಡು ಬಾಲ್ದಿ ನೀರಿಗೆ ಜಗಳ ಮಾಡಿ ಹೋಗುತ್ತಿದ್ದಳು. ಎರಡು ಟ್ಯಾಂಕರ್ ಅಂದರೆ ನಮ್ಮ ಮಹಡಿಗೆ ಎಷ್ಟು ದಿನದ ನೀರು ಅಂತ ನಾನು ಲೆಕ್ಕ ಹಾಕಿ ಸಮಿತಿಗೆ ಕೊಟ್ಟೆ. ‘ಜನವರಿಯಲ್ಲಿ ಕಡಿತ ಇರೋದಿಲ್ಲ ಮಾರಾಯ’ ಅಂದರು. ಕಡಿತ ಇಲ್ಲದಿದ್ದಾಗಲೂ ನಮ್ಮ ನಳ್ಳಿ ಒಂದೇ ಗಂಟೆ ಅಂತ ಹೇಳಿದರೆ ನಂಬುವವರು ಬೇಕಲ್ಲ.

ಇಷ್ಟು ಬರೆದ ಮೇಲೆ ‘ಹಾಗಾದರೆ ನಿನ್ನ ಸಲಹೆ ಏನು’ ಅಂತ ಕೇಳುವ ಹಕ್ಕು ನಿಮಗುಂಟು. ಕಾರ್ಯಕ್ರಮದಿಂದ ಆ ಹೆಸರು ತೆಗೆದುಹಾಕಲಿ. ಮಳೆ ಡ್ಯಾನ್ಸ್ ಬೇಕಾದರೆ ಮಳೆ ಡ್ಯಾನ್ಸ್ ಅಂತಲೇ ಹೇಳಿ ಮಾಡಲಿ, ನೀರು ಎಲ್ಲಿಂದ ಬಂತು ಅಂತ ಪೋಸ್ಟರಿನಲ್ಲಿ ಬರೆಯಲಿ. ನಮ್ಮ ಬಳಗ ಮಾತ್ರ ಅದರಲ್ಲಿ ಸೇರುವುದು ಬೇಡ. ಬದಲಿಗೆ ನನ್ನ ಖಾಮ್ತಿ ಗೆಳೆಯನನ್ನು ಒಂದು ಶನಿವಾರ ನಮ್ಮ ಸಭೆಗೆ ಕರೆಯೋಣ. ಅವನಿಗೆ ಕನ್ನಡ ಬಾರದು, ಹಿಂದಿಯಲ್ಲಿ ಮಾತಾಡುತ್ತಾನೆ, ಒಂದು ದಿನ ಸಹಿಸಿಕೊಳ್ಳಿ. ಅವನ ಲಿಪಿಯಲ್ಲಿ ನಿಮ್ಮ ನಿಮ್ಮ ಹೆಸರು ಬರೆದುಕೊಡುತ್ತಾನೆ, ನನಗೆ ಬರೆದುಕೊಟ್ಟಿದ್ದಾನೆ.

ಬರುವ ಏಪ್ರಿಲಿನಲ್ಲಿ ಬಳಗದಿಂದ ನಾಲ್ಕೈದು ಜನ ಅಲ್ಲಿಗೇ ಹೋಗುವುದಾದರೆ ನಾನು ವ್ಯವಸ್ಥೆ ನೋಡಿಕೊಳ್ಳುತ್ತೇನೆ. ಅವನ ಮನೆಯವರು ಬನ್ನಿ ಅಂದಿದ್ದಾರೆ. ಸ್ಲೀಪರ್ ಟಿಕೆಟನ್ನು ಬೇಗ ತೆಗೆಸಬೇಕು. ಪರ್ಮಿಟ್‌ಗೆ ಫೋಟೋ, ಗುರುತಿನ ಚೀಟಿ ತಯಾರಿಟ್ಟುಕೊಳ್ಳಿ. ಹುಡುಗಿಯರು ಬರುವುದಾದರೆ ಮನೆಯಲ್ಲಿ ನಾನೇ ಬಂದು ಮಾತಾಡುತ್ತೇನೆ. ಪಿಚಕಾರಿ ತರಬೇಡಿ, ಅಲ್ಲಿ ಕೊಡಪಾನ ಕೊಡುತ್ತಾರೆ. ಒಂದು ಜೊತೆ ಬಟ್ಟೆ ಹೆಚ್ಚಿಗೆ ಇರಲಿ, ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಇರಲಿ. ಪರೀಕ್ಷೆಯ ಟೈಂಟೇಬಲ್ ಮಾತ್ರ ನನ್ನ ಕೈಯಲ್ಲಿಲ್ಲ. ಹೆಸರು ಕೊಡುವವರು ಡಿಸೆಂಬರ್ ಸಭೆಯ ಒಳಗೆ ಕೊಡಿ.